ಚೇಗಿಲ್ಲದ ಮರ

ಮಾಚೇನಹಳ್ಳಿಯ ಶೆಡ್ಡಿನಲ್ಲಿ ಸಿಲಿಂಡರಿನ ಬಾಗಿಲಿಗೆ
ಹದಿನಾರು ಬೋಲ್ಟು. ಬಿಗಿದು, ಒಳಗಿನ ಗಾಳಿಯನ್ನೆಲ್ಲ
ಮೊದಲು ಹೊರಗೆಳೆಯುತ್ತೇವೆ.
ನೀಲಗಿರಿ ಒಮ್ಮೆ ಉಸಿರು ಬಿಡಬೇಕು,
ಆಮೇಲೆ ಬಾಯಾರಬೇಕು.

ಆಮೇಲೆ ತಾಮ್ರದ ನೀರು.
ಮೀಟರಿನ ಮುಳ್ಳು ಹತ್ತು ದಾಟುವಾಗ
ಒಳಗಿಂದ ನನಗೆ ಗುಟುಕು ಕೇಳಿಸುತ್ತದೆ.
ಅದು ಪಂಪಿನ ಸದ್ದು, ಅನ್ನುತ್ತಾನೆ ಇಮಾಮ್‌ಸಾಬ.
ಇರಬಹುದು.

ಏಳು ವರ್ಷದ ಮರ, ನನ್ನ ಮಗಳಿಗಿಂತ ಒಂದು ವರ್ಷ ಚಿಕ್ಕದು.
ಆನಂದಪುರದ ಗುಡ್ಡದಲ್ಲಿ ಓಡೋಡಿ ಬೆಳೆದದ್ದು,
ಚೇಗು ಕಟ್ಟಲು ಪುರುಸೊತ್ತೇ ಸಿಗಲಿಲ್ಲ.
ನನ್ನಪ್ಪ ಶೇಷಾಚಾರಿ ಇದನ್ನು ಮರ ಅನ್ನುತ್ತಿರಲಿಲ್ಲ.
ಉಗುರೊತ್ತಿ, ಮೂಸಿ,
'ಸೊಪ್ಪು' ಅನ್ನುತ್ತಿದ್ದ.
ಅವನ ಲೆಕ್ಕಕ್ಕಿದ್ದದ್ದು ಹೊನ್ನೆ, ನಂದಿ, ಮತ್ತಿ:
ಒರಲೆ ಹತ್ತಿರ ಬಂದು
ಮುಖ ನೋಡಿ ವಾಪಸು ಹೋಗುವಂಥವು.

ಒಮ್ಮೆ ಹಠಕ್ಕೆ, ಅವನು ಬಿಟ್ಟುಹೋದ ಹೊನ್ನೆಯ ತುಂಡೊಂದನ್ನು
ಗೂಟಗಳ ಜೊತೆ ಒಳಗೆ ನೂಕಿದೆ.
ಎರಡು ತಾಸು ಒತ್ತಡ.
ತೆಗೆದು ಕುಯ್ದರೆ
ಅಂಚಿನಲ್ಲಿ ದಾರದಷ್ಟು ಹಸಿರು.
ಚೇಗು ತುಟಿ ಬಿಚ್ಚಿರಲಿಲ್ಲ.
ಪಕ್ಕದ ನೀಲಗಿರಿ ಮಾತ್ರ ನಡುವಿನವರೆಗೂ ಕುಡಿದು
ಭಾರವಾಗಿ, ಹಸಿರಾಗಿ, ತೊಟ್ಟಿಕ್ಕುತ್ತ ನಿಂತಿತ್ತು.

ಇಷ್ಟೆಲ್ಲ ಹೇಳಿದ್ದು ಚಂದ್ರಾವತಿಯ ಒಲೆಗಾಗಿ.
ಗೂಟದ ತುದಿ ಕುಯ್ದ ಚೂರುಗಳನ್ನು
ಶೆಡ್ಡಿನ ಹಿಂದಿನಿಂದ ಸೆರಗಿನಲ್ಲಿ ಒಯ್ದಿದ್ದಳು.
ನಾನು ಹೋಗುವಷ್ಟರಲ್ಲಿ ಬಚ್ಚಲ ಒಲೆ ಹೊತ್ತಿತ್ತು.
ಮೇಲೆ ಅವಳ ಅತ್ತೆಯ ತಾಮ್ರದ ಹಂಡೆ,
ಕೆಳಗೆ ನವಿಲಿನ ಕತ್ತಿನ ಬಣ್ಣದ ಉರಿ.
'ಎಷ್ಟು ಚಂದ ಉರೀತದೆ ನೋಡಣ್ಣ' ಅಂದಳು,
ಮಗುವನ್ನು ಎತ್ತಿ ತೋರಿಸುತ್ತ.

ಕೊಡ ಎತ್ತಿ ಸುರಿದೆ. ಬೈದೆ.
ಈ ಬೂದಿ ಪಾತ್ರೆಗೆ ಬೇಡ, ಬಸಳೆ ಬುಡಕ್ಕೆ ಬೇಡ,
ಮದ್ದು ಹಾಕಿದ ಮರ ಇದು, ಅಂದೆ.
ಮದ್ದು ಅಂದರೆ ನಮ್ಮ ಕಡೆ ಗುಣವಾಗಲೂ ಹಾಕುತ್ತಾರೆ,
ಮುಗಿಸಲೂ ಹಾಕುತ್ತಾರೆ.
ಅವಳು ಕಣ್ಣುಜ್ಜಿಕೊಂಡಳು, ಹೊಗೆಗೆ.
'ಮೂವತ್ತು ವರ್ಷ ಹುಳ ಮುಟ್ಟಲ್ಲ ಅಂತ ಬೋರ್ಡು ಹಾಕಿದೀರಿ.
ನಾವು ಮುಟ್ಟಬಾರದು ಅಂತ ಎಲ್ಲಿ ಬರೆದಿದೀರಿ?'

ಬೂದಿಯನ್ನು ಗೋಣಿಗೆ ತುಂಬಿ ನಾನೇ ಹೊತ್ತು ತಂದೆ.
ಉಗುರಿನ ಸಂದಿಯ ಹಸಿರು
ಸೋಪಿಗೆ ಹೋಗಲಿಲ್ಲ, ಸೀಗೆಗೂ ಹೋಗಲಿಲ್ಲ.
ಅವತ್ತು ರಾತ್ರಿ ಮಗಳ ಪಕ್ಕ ಕೂತು
ಅನ್ನಕ್ಕೆ ಚಮಚ ಕೇಳಿದೆ.