ನಡಾವಳಿ

ಸಭೆ ಹನ್ನೊಂದಕ್ಕೆ ಅಂತಿತ್ತು, ಕುಳಿತಾಗ ಹನ್ನೊಂದೂ ಮುಕ್ಕಾಲು.
ವಿಷಯ: ಆಫ್ರಿಕಾ ಮೂಲದ ವಿದ್ಯಾರ್ಥಿಗಳು, ಅಧ್ಯಾಪಕರು, ಸಿಬ್ಬಂದಿ,
ಅವರಿಗೆ ಬೆಂಬಲ.
ಬರೆದುಕೊಳ್ಳುವವಳು ನಾನು, ಪ್ರಥಮ ದರ್ಜೆ ಸಹಾಯಕಿ,
ಇಪ್ಪತ್ತಾರು ವರ್ಷದಿಂದ ಈ ಕೊಣಾಜೆ ಗುಡ್ಡದಲ್ಲಿ
ಬೇರೆಯವರ ಮಾತನ್ನು ಕರ್ಮಣಿಗೆ ತಿರುಗಿಸುತ್ತ:
ಚರ್ಚಿಸಲಾಯಿತು. ಗಮನಿಸಲಾಯಿತು. ತೀರ್ಮಾನಿಸಲಾಯಿತು.

ಜೂಜೆ ಸಿದ್ದಿ ಸರ್ ಎದ್ದು ನಿಂತರು.
ಸಮಾಜಶಾಸ್ತ್ರ. ಊರು ಹಳಿಯಾಳದ ಆಚೆ.
'ಗೇಟಿನವನು ದಿನಾ ಪಾಸ್‌ಪೋರ್ಟ್ ಕೇಳುತ್ತಾನೆ.
ನನ್ನಲ್ಲಿರುವುದು ರೇಷನ್ ಕಾರ್ಡು.
ಈಗ ಅದನ್ನೇ ಕಿಸೆಯಲ್ಲಿಟ್ಟುಕೊಂಡಿದ್ದೇನೆ.'
ಎಲ್ಲರೂ ನಕ್ಕರು. ಸರ್ ನಗಲಿಲ್ಲ.
ನಗು ನಡಾವಳಿಗೆ ಬರುವುದಿಲ್ಲ,
ನಗದೇ ಇದ್ದದ್ದೂ.

ಯುಗಾಂಡದ ಅಕೆಲ್ಲೊ, ಸಾಗರ ಭೂವಿಜ್ಞಾನ, ಎರಡನೇ ವರ್ಷ.
ಸ್ಟೇಟ್ ಬ್ಯಾಂಕಿನಲ್ಲಿ ಹತ್ತಿದರೆ ಕೊಣಾಜೆಯವರೆಗೂ
ಅವಳ ಪಕ್ಕದ ಸೀಟು ಖಾಲಿ,
ತೊಕ್ಕೊಟ್ಟಿನಲ್ಲಿ ಜನ ಬಾಗಿಲಿಗೆ ಜೋತಾಡುವಾಗಲೂ.
'ದುಂಬು ಪೋಲೆ, ದುಂಬು ಪೋಲೆ' ಅನ್ನುತ್ತಾನಂತೆ ಕಂಡಕ್ಟರ್;
ಅವಳು ಮೊದಲು ಕಲಿತ ತುಳು ಅದೇ.
'ಯಾರೂ ದುಂಬು ಬರುವುದಿಲ್ಲ' ಅಂದಳು,
ತುಳುವಿಗೆ ಕನ್ನಡ ಹೊಲಿದು.

ಅಷ್ಟರಲ್ಲಿ ಗೋಳಿಬಜೆ ಬಂತು.
ಚಟ್ನಿ ಪರೀಕ್ಷಾಂಗದವರ ತನಕ ತಲುಪಲಿಲ್ಲ.
ತೀರ್ಮಾನ ಒಂದು: ಸ್ವಾಗತ ಸಮಾರಂಭ.
ಎರಡು: ಕರಪತ್ರ, ಬಣ್ಣದಲ್ಲಿ.
ಬಾಡಿಗೆಗೆ ಮನೆ ಸಿಗದ ಬಗ್ಗೆ, ಅಧ್ಯಕ್ಷರು:
'ಅದು ಗೇಟಿನ ಹೊರಗಿನ ವಿಷಯ.
ಮನೆ ಮಾಲಕರಿಗೆ ನಾವೇನು ಹೇಳುವುದು?'

ಇಲ್ಲಿ ನನ್ನ ಪೆನ್ನು ನಿಂತಿತು.

ಅಸೈಗೋಳಿಯಲ್ಲಿ ನನ್ನದೊಂದು ಮಹಡಿ ಕೋಣೆ ಇದೆ.
ಕಳೆದ ಜೂನಿನಲ್ಲಿ ಇದೇ ಹುಡುಗಿ
ಚಪ್ಪಲಿ ಕೆಳಗೇ ಬಿಟ್ಟು
ಮೆಟ್ಟಿಲ ಬುಡದಲ್ಲಿ ನಿಂತು ಕೇಳಿದ್ದಳು.
'ಕೊಟ್ಟಾಯ್ತಲ್ಲ ಮಗಾ, ನಿನ್ನೆಯೇ.'
ಮಗಾ ಅಂದಿದ್ದೆ. ಅದೂ ನೆನಪಿದೆ.
'ಬಾಡಿಗೆಗಿದೆ' ಬೋರ್ಡು ನನ್ನ ತಲೆಯ ಮೇಲೇ ತೂಗುತ್ತಿತ್ತು.
ಅವಳಿಗೆ ಆಗ ಕನ್ನಡ ಓದಲು ಬರುತ್ತಿರಲಿಲ್ಲ.

ಈಗ ಬರುತ್ತದೆ.
ಇವತ್ತಿನ ಹಾಜರಿ ಪಟ್ಟಿಯಲ್ಲಿ ಅವಳ ಸಹಿ ಕನ್ನಡದ್ದು:
ಅಕೆಲ್ಲೊ. ಒತ್ತಕ್ಷರ ಕೂಡ ಬಿಟ್ಟಿಲ್ಲ.

ಸಂಜೆ ಬೋರ್ಡು ಇಳಿಸಿದೆ. ಮೊಳೆ ಬರಲಿಲ್ಲ.
'ಯಾರಿಗೆ ಕೊಟ್ಟದ್ದು?' ಅತ್ತೆ ಒಳಗಿನಿಂದ.
ಉತ್ತರ ಹೇಳದೆ ಫೋನು ಮಾಡಿದೆ.
ಆ ಕಡೆ ಬಸ್ಸಿನ ಗದ್ದಲ, ಸೀಟಿ.
'ಕೋಣೆ ಇದೆ' ಅಂದೆ. 'ಖಾಲಿ ಇದೆ.'
ಒಂದು ಸ್ಟಾಪು ಕಳೆಯುವಷ್ಟು ಹೊತ್ತು ಏನೂ ಇಲ್ಲ.
ಆಮೇಲೆ, ಮೆತ್ತಗೆ:
'ಯಾವಾಗಿನಿಂದ, ಮೇಡಂ?'