ಎಡಗಡೆಯ ನಳಿಗೆ

ಜಮಖಂಡಿ ಠಾಣೆಯಿಂದ ಮೂರನೆಯ ನೋಟೀಸು ಬಂದ ಮೇಲೆ
ಕಾಕಾನ ಖೋಲಿಯ ಚಿಲಕ ತೆಗೆದೆವು.
ಮಂಚದ ಕೆಳಗೆ, ಗೋಣಿಚೀಲದೊಳಗೆ,
ಜೋಳದ ಡ್ರಮ್ಮಿನ ಹಿಂದೆ ಗೋಡೆಗೆ ಒರಗಿ
ಐದು ಬಂದೂಕು,
ಮದುವೆ ಮನೆಯಲ್ಲಿ ಯಾರೂ ಮಾತಾಡಿಸದ
ದೂರದ ನೆಂಟರ ಹಾಗೆ.

ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆಯಲ್ಲಿ
ಮೂವತ್ತೊಂದು ವರ್ಷ ಕಬ್ಬಿನ ಗಾಡಿ ತೂಗಿದ ಮನುಷ್ಯ,
ಎಲ್ಲಾದರೂ ವಾಡೆ ಖಾಲಿಯಾಗುವ ಸುದ್ದಿ ಬಂದರೆ ಸಾಕು
ಸೈಕಲ್ಲು ಹತ್ತುತ್ತಿದ್ದ.
ಕನ್ನಡಿ, ತೊಟ್ಟಿಲು, ತಾಮ್ರದ ಹಂಡೆ
ಉಳಿದವರು ಸವಾಲು ಕೂಗಿ ಒಯ್ದ ಮೇಲೆ
ಮೂಲೆಯಲ್ಲಿ ಮಿಕ್ಕಿದ್ದನ್ನು ಇವನು ಕೂಗುವನು.
ಒಂದು ಗುಬ್ಬಿಗೂ ಗುರಿ ಇಟ್ಟವನಲ್ಲ.
‘ಹಾರಿಸಿದರ ಬೆಲಿ ಇಳೀತೈತಿ’ ಅನ್ನುತ್ತಿದ್ದ.
ಬೆಲೆ ಎಷ್ಟೆಂದು ಮಾತ್ರ ಯಾರೂ ಕೇಳಿರಲಿಲ್ಲ.

ಈಗ ಬೆಳಗಾವಿಯ ಅಂಗಡಿಯಿಂದ ದಸ್ತಗೀರಸಾಬ ಬಂದಿದ್ದಾರೆ.
ಜಮಖಾನೆ ಹಾಸಹೋದರೆ
‘ಬ್ಯಾಡ್ರಿ, ಎಣ್ಣಿ ಹತ್ತತೈತಿ, ಪೇಪರ್ ಹಾಸ್ರಿ’ ಅಂದರು.
ಹಳೆಯ ಚುನಾವಣೆಯ ಸುದ್ದಿಯ ಮೇಲೆ
ಒಂದೊಂದೇ ಮಲಗಿಸಿದೆ.
ಚುನಾವಣೆ ಬಂದಾಗಲೆಲ್ಲ ಚೀಟಿ ಕಟ್ಟಿಸಿಕೊಂಡು
ಠಾಣೆಗೆ ಹೋಗಿ ಬಂದದ್ದೇ
ಇವು ಕಂಡ ಯುದ್ಧ.

ಕೇಪಿನ ಬಂದೂಕಿನ ಬಾಯೊಳಗೆ
ಕುಂಬಾರ ಹುಳ ಮಣ್ಣಿನ ಮನೆ ಕಟ್ಟಿದೆ.
‘ಒಳಗ ಸಂಸಾರ ಐತ್ರಿ’ ಅಂದು ಬದಿಗಿಟ್ಟರು.
ಇನ್ನೊಂದಕ್ಕೆ ಕುದುರೆಯೇ ಇಲ್ಲ.
ಮತ್ತೊಂದರ ಹಿಡಿಕೆಯನ್ನು ಗೆದ್ದಲು ತಿಂದು
ಮೇಲಿನ ಪಾಲಿಶನ್ನಷ್ಟೇ ಮರ್ಯಾದೆಗೆ ಬಿಟ್ಟಿದೆ.
ಕೊರಳಲ್ಲಿ ಯಾವುದೋ ಖಂಡೇನವಮಿಯ ಚೆಂಡುಹೂವಿನ ದಾರ.
ಕುಂಕುಮ ಎಲ್ಲಿ ಮುಗಿದು
ತುಕ್ಕು ಎಲ್ಲಿ ಶುರುವಾಗುತ್ತದೆಂದು
ಬೆರಳಿಗೆ ತಿಳಿಯಲಿಲ್ಲ.

ಮಾರಾಟಕ್ಕೆ ಬಂದದ್ದು ಒಂದು.
ಹನ್ನೆರಡು ಸಾವಿರ. ಚೌಕಾಸಿ ಮಾಡಲು
ನನಗೆ ಬಾಯಿ ಬರಲಿಲ್ಲ, ಅವರೇ
ಪಾಪ, ಐನೂರು ಏರಿಸಿದರು.

ಕಡೆಯದು ಚಿಗವ್ವನದು.
ಒಂದು ಲೈಸೆನ್ಸಿಗೆ ಮೂರೇ ಎಂಬ ಕಾಯಿದೆಗೆ
ಕಾಕಾ ಹೆಂಡತಿಯನ್ನೂ ಡೀಸಿ ಆಫೀಸಿಗೆ ಕರೆದೊಯ್ದಿದ್ದ.
ಆ ಪುಸ್ತಕದಲ್ಲಿ ಅವಳಿದ್ದಾಳೆ:
ಹಣೆತನಕ ಸೆರಗು, ಕಣ್ಣಲ್ಲಿ ಫ್ಲ್ಯಾಶಿನ ಬೆದರಿಕೆ,
ಚಿನ್ನವ್ವ ಕೋಂ ಗುರುಸಂಗಪ್ಪ, ಡಬಲ್ ಬಾರು,
ಉದ್ದೇಶ: ಬೆಳೆ ರಕ್ಷಣೆ.
ಹೊಲ ಇರಲಿಲ್ಲ. ಹಿತ್ತಲಲ್ಲಿ ಎರಡು ನುಗ್ಗೆಗಿಡ.
ಅವಳು ತೀರಿ ಇಷ್ಟು ವರ್ಷವಾದರೂ
ಆ ಹೆಸರು ತೆಗೆಸಲು ಕಾಕಾ ಹೋಗಲೇ ಇಲ್ಲ.

ದಸ್ತಗೀರಸಾಬ ಬಂದೂಕು ಬಗ್ಗಿಸಿ
ಕಿಟಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರು.
ಬಲಗಡೆಯ ನಳಿಗೆಯಲ್ಲಿ ಬೆಳಕು.
ಎಡಗಡೆಯದರಲ್ಲಿ ಕತ್ತಲೆ.
‘ಹಿಂದ ಸರೀರಿ.’
ಪಡಸಾಲೆ ಉಸಿರು ಹಿಡಿಯಿತು. ಕೋಲು ತೂರಿಸಿ
ಹಗುರಕ್ಕೆ, ಕೂಸಿನ ಕಿವಿ ತೊಳೆಯುವ ಹಾಗೆ, ತಳ್ಳಿದರು.

ಬಂತು:
ಕುಪ್ಪಸದ ಅರಿವೆಯ ಸುರುಳಿ,
ಮೇಲೆ ಸೆಣಬಿನ ದಾರದ ಮೂರು ಸುತ್ತು,
ಒಳಗೆ ಐನೂರರ ಹದಿನಾಲ್ಕು ನೋಟು.
ಅವಳು ಹೋದ ಮರುವರ್ಷವೇ ಸರಕಾರ
ರಾತ್ರೋರಾತ್ರಿ ಸಾಯಿಸಿದ ನೋಟು.

ಊರಿನ ಕಳ್ಳರು ಕಣಜ ಹುಡುಕುತ್ತಾರೆ,
ಜಗಲಿಯ ದೇವರ ಹಿಂದೆ ಕೈ ಹಾಕುತ್ತಾರೆ.
ಗಂಡ ದಿನಾ ಒರೆಸಿದರೂ
ಎಂದೂ ಬಾಗಿಸಿ ನೋಡಲಾರ ಎಂದು
ಒಬ್ಬಳಿಗೇ ಗೊತ್ತಿತ್ತು.
ಯಾತಕ್ಕೆ ಕೂಡಿಟ್ಟಳು? ತವರಿಗೋ, ಬೋರಮಾಳಕ್ಕೋ,
ಒಂದು ದಿನ ಬಸ್ಸು ಹತ್ತುವುದಕ್ಕೋ?
ಚೀಟಿ ಬರೆದಿರಲಿಲ್ಲ. ಬರೆಯಲು ಬರುತ್ತಿರಲಿಲ್ಲ.
ಲೈಸೆನ್ಸಿನಲ್ಲೂ ಹೆಬ್ಬೆಟ್ಟು.

ಕೊಳ್ಳುವವರಿಲ್ಲದ ನಾಲ್ಕನ್ನು
ಚಾದರದಲ್ಲಿ ಸುತ್ತಿ ಟಂಟಂನಲ್ಲಿಟ್ಟು ಠಾಣೆಗೆ ಒಯ್ದೆ.
ರೈಟರ್ ಫಾರ್ಮು ತುಂಬುತ್ತ ಕೇಳಿದ:
‘ಈ ಹೆಣಮಗಳು ಎಂದರ ಬಂದೂಕ ಬಳಸ್ಯಾರೇನ್ರಿ?’
‘ಬಳಸ್ಯಾರ.’
ಪೆನ್ನು ನಿಂತಿತು. ಹೊರಗೆ ಕಬ್ಬಿನ ಟ್ರ್ಯಾಕ್ಟರು
ಹಾಡು ಜೋರು ಹಚ್ಚಿಕೊಂಡು ಹೋಗುವ ತನಕ ಕಾದು,
ನನ್ನ ಮುಖ ನೋಡಿ,
‘ಯಾತಕ್ಕ ಅಂತ ಬರೀಲಿ?’