ಮೂವತ್ತೈದು ಗಜ

ಶಾಪಿಂಗ್ ಗಾಡಿ ನೂಕುತ್ತಿದ್ದ ಹುದಾಕ್
ಟೈರಿನಂಗಡಿಯ ಪಾರ್ಕಿಂಗಿನಲ್ಲಿ ಥಟ್ಟನೆ ನಿಲ್ಲುತ್ತಾನೆ:
‘ಇಲ್ಲೇ. ಗೋಲುಕಂಬ ಇದ್ದದ್ದು ಇಲ್ಲೇ.’
ಹೋದ ವಾರ ದೀಪದ ಕಂಬದ ಬಳಿ ಅಂದಿದ್ದ.
ನಾನು ತಿದ್ದುವುದಿಲ್ಲ.

ಈರಿ ಸರೋವರದ ಗಾಳಿಗೆ ಮಾತ್ರ ಎಲ್ಲ ನೆನಪಿದೆ;
ಆಗಲೂ ಹೀಗೇ ಕಿವಿ ಕೊಯ್ಯುತ್ತಿತ್ತು.
ಪ್ಲಾಸ್ಟಿಕ್ ಹುಲ್ಲಿನ ಮೇಲೆ ಜಾರಿದವರ ಮಂಡಿ
ಸುಲಿದ ಕೆಂಪು, ಮೂರನೇ ಸಾಲಿಗೂ ಕಾಣುವಷ್ಟು.
ಪೋರ್ಚುಗಲ್ಲಿನವನೊಬ್ಬ, ಹೈಟಿಯವನೊಬ್ಬ,
ಹಗಲು ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಗೋಲ್‌ಕೀಪರ್;
ಹೆಸರು ನಾಲಗೆಗೆ ಹೊರಳದಿದ್ದರೂ
ಗಂಟಲು ಹರಿದುಕೊಂಡೆವು.

ಬೇರೆ ದೇಶಗಳಲ್ಲಿ ಗಡಿಯಾರ ತೊಂಬತ್ತಕ್ಕೆ ಏರುತ್ತಿತ್ತಂತೆ.
ನಮ್ಮದು ಸೊನ್ನೆಗೆ ಇಳಿಯುತ್ತಿತ್ತು.
ಆಗಲೇ ತಿಳಿಯಬೇಕಿತ್ತು.

ಎಂಬತ್ತೈದರ ವಸಂತಕ್ಕೆ ಟಿಕೆಟಿನ ಲಕೋಟೆ ಬರಲಿಲ್ಲ.
ಅಂಚೆಯವನನ್ನು ಬೈದೆ, ಪಾಪ.

ಹುದಾಕ್ ಗಾಡಿ ತಿರುಗಿಸಿ
ಹೆಜ್ಜೆ ಎಣಿಸುತ್ತಾನೆ, ಹದಿನೆಂಟರಲ್ಲಿ ತಪ್ಪಿ
ಮತ್ತೆ ಮೊದಲಿನಿಂದ, ಮೂವತ್ತೈದು.
ಚೀಲದಿಂದ ಎಲೆಕೋಸು ತೆಗೆದು ಡಾಂಬರಿನ ಮೇಲಿಡುತ್ತಾನೆ.
‘ಐದು ಸೆಕೆಂಡು, ವರ್ನಾ. ಗೋಲು ನಿನ್ನದು.’

ಎಂಥ ಹುಚ್ಚು, ಅನ್ನುತ್ತಲೇ
ಕನ್ನಡಕ ಜೇಬಿಗಿಟ್ಟು, ಕೋಟಿನ ಗುಂಡಿ ಬಿಚ್ಚಿ,
ಎರಡೂ ಕೈ ಅಗಲಿಸಿ
ಮುನ್ನುಗ್ಗುತ್ತೇನೆ.
ಕಾಯುತ್ತ ನಿಂತವರು ಸೋಲುತ್ತಿದ್ದರು, ನನಗೆ ಗೊತ್ತು.